ಮೂರು ಹೊಳೆಗಳ ನಡುವಣ ಒಣನೆಲ

ಪಡುವಲಲ್ಲಿ ಶಿಂಷಾ, ಮೂಡಲಲ್ಲಿ ಅರ್ಕಾವತಿ, ತೆಂಕಲಲ್ಲಿ ಈ ಎರಡನ್ನೂ ತನ್ನೊಳಗೆ ಬರಮಾಡಿಕೊಂಡು ಕಲ್ಲಿನ ಕಂದರದೊಳಕ್ಕೆ ಇಳಿಯುವ ಕಾವೇರಿ, ಹೀಗೆ ಮೂರು ದಿಕ್ಕುಗಳಲ್ಲಿಯೂ ಹೊಳೆಗಳಿದ್ದರೂ, ಅವುಗಳಲ್ಲಿ ಯಾವುದೊಂದರ ನೀರೂ ತಾನಾಗಿ ಹರಿದುಬಂದು ಹೊಲದ ಬದುವನ್ನು ಮುಟ್ಟದಂಥ ಎತ್ತರದ ನೆಲದಲ್ಲಿ ನಿಂತು, ತನ್ನ ರಾಗಿಗೂ ಹುರುಳಿಗೂ ಮುಗಿಲಿನ ಕಡೆಗೇ ನೋಡಬೇಕಾಗಿರುವುದು ಕನಕಪುರ ತಾಲ್ಲೂಕಿನ ಸಾತನೂರು ಸೀಮೆಯ ಪಾಲಿಗೆ ಬಂದಿರುವ ವಿಧಿ. ವರ್ಷಕ್ಕೆ ಸರಾಸರಿ 800 ಮಿಲಿಮೀಟರಿನ ಆಸುಪಾಸಿನಲ್ಲಿ ಬೀಳುವ ಮಳೆಯೂ ಇಲ್ಲಿ ಒಂದೇ ಹದದಲ್ಲಿ ಬೀಳತಕ್ಕದ್ದಲ್ಲ. ಭರಣಿ ಕೃತ್ತಿಕೆಗಳಲ್ಲಿ ಗುಡುಗುಸಿಡಿಲಿನೊಡನೆ ಒಂದಷ್ಟು ಸುರಿದು, ಘಟ್ಟದ ಮರೆಯಲ್ಲಿರುವ ಕಾರಣ ಆಷಾಢದ ಗಾಳಿಯಲ್ಲಿ ಬರಿಯ ಮೋಡಗಳನ್ನು ತೋರಿಸಿ ಮುಂದೆ ಸಾಗಿ, ಮತ್ತೆ ಉತ್ತರೆ, ಹಸ್ತ, ಚಿತ್ತೆಗಳ ಕಾಲಕ್ಕೆ ಮುಖ್ಯವಾದ ಮಳೆ ಬರುವುದು ವಾಡಿಕೆ. ಆ ಬಳಿಕ ಮಾರ್ಗಶಿರ ಕಳೆಯಿತೆಂದರೆ ಫಾಲ್ಗುಣ ಮುಗಿಯುವವರೆಗೂ ನೆಲಕ್ಕೆ ಹನಿಯ ಆಸೆ ಇಲ್ಲವೆಂದೇ ಹೇಳಬೇಕು. ಹದ ತಪ್ಪಿದ ವರ್ಷವೇ ಬರದ ವರ್ಷ. ಅಂಥ ವರ್ಷಗಳನ್ನು ಈ ಸೀಮೆಯ ಹಿರಿಯರು ರಾಜರ ಹೆಸರುಗಳಿಗಿಂತಲೂ ಚೆನ್ನಾಗಿ ನೆನಪಿನಲ್ಲಿಟ್ಟುಕೊಂಡಿದ್ದಾರೆ.

ಇಂಥ ನೆಲದಲ್ಲಿ ಸಸ್ಯಜಾತಿಗಳು ವಿರಳವಾಗಿರಬೇಕೆಂದು ಊಹಿಸುವುದು ಸಹಜ. ಆ ಊಹೆಗೆ ಶಾಸ್ತ್ರದ ಆಧಾರವೂ ಉಂಟು. ಅಮೆರಿಕದ ಸಸ್ಯವಿಜ್ಞಾನಿ ಆಲ್ವಿನ್ ಜೆಂಟ್ರಿ ಎಂಬಾತನು ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಸಮಾನ ವಿಸ್ತೀರ್ಣದ ತುಂಡುಭೂಮಿಗಳನ್ನು ಅಳೆದು, ಮಳೆಯ ಪ್ರಮಾಣ ಏರಿದಂತೆಲ್ಲ, ಸುಮಾರು 4,000 ಮಿಲಿಮೀಟರಿನ ಮಟ್ಟದವರೆಗೆ, ಜಾತಿಗಳ ಸಂಖ್ಯೆಯೂ ಏರುತ್ತ ಹೋಗುವುದನ್ನು 1988ರಲ್ಲಿ ಪ್ರಕಟವಾದ ತನ್ನ ಬರೆಹದಲ್ಲಿ ತೋರಿಸಿದನು. ಅದೇ ವರ್ಷ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಅವರ ಸಂಗಡಿಗರು ಮುದುಮಲೆಯ ಎಲೆಯುದುರುವ ಕಾಡಿನಲ್ಲಿ 50 ಹೆಕ್ಟೇರು ನೆಲವನ್ನು ಗುರುತಿಸಿ, ಅಲ್ಲಿಯ ಒಂದೊಂದು ಗಿಡಮರಕ್ಕೂ ಸಂಖ್ಯೆ ಕೊಟ್ಟು ವರ್ಷವರ್ಷವೂ ಪರೀಕ್ಷಿಸತೊಡಗಿದರು. 25,000ಕ್ಕೂ ಮಿಕ್ಕ ಆ ಗಿಡಮರಗಳಲ್ಲಿ ಕಂಡ ಜಾತಿಗಳು 70ರಷ್ಟು ಮಾತ್ರ. ಪನಾಮಾ ದೇಶದ ಬಾರೋ ಕೊಲರಾಡೋ ದ್ವೀಪದಲ್ಲಿ, ಮಳೆ ಹೆಚ್ಚಾಗಿರುವ ಕಾಡಿನ ಅಷ್ಟೇ ವಿಸ್ತೀರ್ಣದಲ್ಲಿ, ಸುಮಾರು 300 ಜಾತಿಗಳಿವೆ. ಮುದುಮಲೆಗಿಂತಲೂ ಕಡಮೆ ಮಳೆಯ ಸಾತನೂರಿನ ಗುಡ್ಡಗಳಲ್ಲಿ ಒಂದು ತುಂಡುಭೂಮಿಯನ್ನು ಹಾಗೆಯೇ ಅಳೆದರೆ ಲೆಕ್ಕ ಇನ್ನೂ ಇಳಿದೀತೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಇಂಥ ಅಳತೆಯಲ್ಲಿ ಸಿಕ್ಕುವುದು ಒಂದೇ ಬಗೆಯ ನೆಲದ ಮೇಲಿನ ಲೆಕ್ಕ. ಸಾತನೂರಿನ ಸಸ್ಯಸಂಪತ್ತನ್ನು ತಿಳಿಯಬೇಕಾದವನು ಕಬ್ಬಾಳು ಬೆಟ್ಟದ ನೆತ್ತಿಯಿಂದ ಇಳಿಯುತ್ತ, ಬೆಟ್ಟದ ಬುಡದ ಕುರುಚಲು, ಊರಿನ ಹೊಲ, ಕೆರೆಯ ಹಿಂಬದಿಯ ಜವುಗು, ಇಳಿಜಾರಿನ ಕಾಡು, ಕೊನೆಗೆ ಅರ್ಕಾವತಿ ಕಾವೇರಿಗಳ ಸಂಗಮದ ಮರಳದಂಡೆ, ಇಷ್ಟನ್ನೂ ದಾಟಿಹೋಗಬೇಕು. ಬೀಳುವ ಮಳೆ ಅಲ್ಪವಾದ ಕಾರಣದಿಂದಲೇ ಆ ಅಲ್ಪವು ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ, ಎಷ್ಟು ದಿನ ಇರುತ್ತದೆ ಎಂಬ ವ್ಯತ್ಯಾಸಗಳು ಇಲ್ಲಿ ಗಿಡಗಳ ಪಾಲಿಗೆ ಜೀವನ್ಮರಣದ ವ್ಯತ್ಯಾಸಗಳಾಗುತ್ತವೆ. ಆಗುಂಬೆಯಂಥ ಊರಿನಲ್ಲಿ ಬಂಡೆಗೂ ಹಳ್ಳಕ್ಕೂ ನಡುವೆ ನೀರಿನ ಭೇದ ಅಷ್ಟಾಗಿ ಇಲ್ಲ. ಇಲ್ಲಿಯಾದರೋ ಹತ್ತು ಮಾರು ದೂರದಲ್ಲಿ ಸಸ್ಯಲೋಕವೇ ಬದಲಾಗುತ್ತದೆ. ನೀರಿನ ಈ ಅಸಮವಾದ ಹಂಚಿಕೆಯೇ ಸಾತನೂರು ಸೀಮೆಯ ಸಸ್ಯವೈವಿಧ್ಯದ ತಾಯಿಬೇರೆಂಬುದೂ, ಎಷ್ಟೋ ಬರಗಾಲಗಳು ಕೆಡಿಸಲಾರದ ಆ ವೈವಿಧ್ಯವನ್ನು ಆ ಅಸಮತೆಯನ್ನು ಅಳಿಸಿದ ಮನುಷ್ಯನ ಕೈ ಕೆಲವೇ ದಶಕಗಳಲ್ಲಿ ಕೆಡಿಸಿತೆಂಬುದೂ ನನ್ನ ದೃಢವಾದ ಅಭಿಪ್ರಾಯ.

ಹಂಚಿಕೆಯ ಕೆಲಸ ಮೊದಲಾಗುವುದು ಕಲ್ಲಿನಿಂದ. ರಾಮನಗರದ ಹಿಂದಿನ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟೆಂದು ಭೂವಿಜ್ಞಾನಿಗಳ ನಡುವೆ ಲೋಕಪ್ರಸಿದ್ಧವಾದ, ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಶಿಲೆಯ ಸಾಲು ಉತ್ತರದಿಂದ ಇಳಿದುಬಂದು ಈ ಸೀಮೆಯಲ್ಲಿ ಇನ್ನೂ ಆಳದಲ್ಲಿ ಬೆಂದ ಶಿಲೆಗಳೊಡನೆ ಬೆರೆಯುತ್ತದೆ. ಕಬ್ಬಾಳು ದುರ್ಗದ ಕಲ್ಲುಗಣಿಯಲ್ಲಿ ಸಾಧಾರಣವಾದ ಬೂದುಬಣ್ಣದ ನೈಸ್ ಶಿಲೆಯು ಅಲ್ಲಲ್ಲಿ ಕಪ್ಪುಹಸುರಿನ ಚಾರ್ನೊಕೈಟ್ ಶಿಲೆಯಾಗಿ ಮಾರ್ಪಡುತ್ತಿರುವ ಸ್ಥಿತಿಯಲ್ಲಿಯೇ ಹೆಪ್ಪುಗಟ್ಟಿ ನಿಂತಿರುವುದನ್ನು ಕಂಡು, ಮೈಸೂರು ಸೀಮೆಯ ಭೂವಿಜ್ಞಾನಿ ಸಿ. ಎಸ್. ಪಿಚಮುತ್ತು ಅವರು 1960ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಲೇಖನ ಬರೆದ ಮೇಲೆ, ದೇಶವಿದೇಶಗಳ ವಿದ್ವಾಂಸರು ಈ ಪುಟ್ಟ ಊರಿನ ಕಲ್ಲನ್ನು ನೋಡಲು ಬಂದಿದ್ದಾರೆ. ನೀರಿನ ಅಂಶವುಳ್ಳ ಖನಿಜಗಳು ಭೂಗರ್ಭದ ಶಾಖದಲ್ಲಿ ಆ ನೀರನ್ನು ಕಳೆದುಕೊಂಡು ಬೇರೆ ಖನಿಜಗಳಾದುದೇ ಆ ಮಾರ್ಪಾಟಿನ ಸಾರ. ಈ ಸೀಮೆಯ ಶಿಲೆಯ ಚರಿತ್ರೆಯಲ್ಲಿಯೂ ನೀರು ತೊಲಗಿದ ಕಥೆಯೇ ಮುಖ್ಯವಾಗಿರುವುದನ್ನು ನೆನೆದಾಗ ವಿಸ್ಮಯವಾಗುತ್ತದೆ.

ಇಂಥ ಗಟ್ಟಿ ಶಿಲೆ ಬಿರುಕಿನಲ್ಲಿ ಹೊರತು ನೀರನ್ನು ಒಳಕ್ಕೆ ಬಿಡುವುದಿಲ್ಲ. ಬೋಳುಬಂಡೆಯ ಮೇಲೆ ಬಿದ್ದ ಮಳೆ ಜಾರಿ ಬುಡದ ಮಣ್ಣಿಗೆ ಸೇರುವುದರಿಂದ ಬೆಟ್ಟದ ಪಾದಕ್ಕೆ ತನ್ನ ಪಾಲಿನ ಮಳೆಯ ಜೊತೆಗೆ ಬಂಡೆಯ ಪಾಲೂ ದೊರೆಯುತ್ತದೆ. ಬೆಟ್ಟದ ಬುಡದಲ್ಲಿ ಆಲ, ಅತ್ತಿ, ಬಸರಿಗಳು ದಟ್ಟವಾಗಿ ಬೆಳೆದು ಮಾರುದೂರದ ಬಯಲಿನಲ್ಲಿ ಜಾಲಿಯೂ ಕಷ್ಟಪಟ್ಟು ನಿಂತಿರುವುದಕ್ಕೆ ಇದೇ ಕಾರಣ. ನೆತ್ತಿಯಲ್ಲಿ ತಗ್ಗುಗಳಿದ್ದಲ್ಲಿ ನೀರು ನಿಂತು ದೊಣೆಗಳಾಗುತ್ತವೆ. ಕಬ್ಬಾಳಿನ ದುರ್ಗವು ಮೈಸೂರಿನ ಅರಸರ ಕಾಲದಲ್ಲಿಯೂ ಹೈದರಾಲಿಯ ಕಾಲದಲ್ಲಿಯೂ ರಾಜಕೀಯ ಬಂದಿಗಳ ಸೆರೆಮನೆಯಾಗಿದ್ದು, ಅಲ್ಲಿಯ ಹವೆ ಮತ್ತು ನೀರು ಮನುಷ್ಯನನ್ನು ತಾವಾಗಿಯೇ ಕೊಲ್ಲುವಂಥವೆಂಬ ಕುಖ್ಯಾತಿಯನ್ನು ಪಡೆದಿತ್ತು. ದಳವಾಯಿ ದೇವರಾಜಯ್ಯನಿಂದ ಪದಚ್ಯುತರಾದ ಏಳನೆಯ ಚಾಮರಾಜ ಒಡೆಯರು 1734ರಲ್ಲಿ ಕಾಲವಾದುದು ಇದೇ ಬೆಟ್ಟದ ಮೇಲಣ ಸೆರೆಯಲ್ಲಿ. ಆಳುವವರು ಶತ್ರುವನ್ನು ಕಳುಹಿಸಲು ಆರಿಸಿದ ತಾಣ ನೀರಿನ ದೃಷ್ಟಿಯಿಂದ ಅಷ್ಟೊಂದು ದುರ್ಭರವಾದುದಾಗಿತ್ತೆಂಬುದು ಆ ಎತ್ತರದ ಮೇಲೆ ಬದುಕುವುದರ ಕಷ್ಟವನ್ನು ಬೇರೆ ಯಾವ ಅಳತೆಗಿಂತಲೂ ಚೆನ್ನಾಗಿ ತಿಳಿಸುತ್ತದೆ.

ಮನುಷ್ಯನಿಗೆ ಸೆರೆಯಾದ ಅಂಥ ಬಂಡೆ ಕೆಲವು ಸಸ್ಯಗಳಿಗೆ ತೌರುಮನೆ. ಸಾವನದುರ್ಗದಿಂದ ಕಬ್ಬಾಳಿನವರೆಗೆ ಹಬ್ಬಿರುವ ಈ ಬಗೆಯ ಬೋಳು ಬೆಟ್ಟಗಳ ಮೇಲೆ ಬೆರಳಿನಷ್ಟು ಆಳದ ಮಣ್ಣಿನಲ್ಲಿ ಬೆಳೆಯುವ ಟ್ರೈಪೋಗಾನ್ ಎಂಬ ಸಣ್ಣ ಹುಲ್ಲು, ಬೇಸಗೆಯಲ್ಲಿ ಪೂರಾ ಒಣಗಿ, ಕೈಯಲ್ಲಿ ಹೊಸಕಿದರೆ ಪುಡಿಯಾಗುವಷ್ಟು ನಿರ್ಜೀವವಾಗಿ ಕಂಡು, ಮೊದಲ ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ಅದೇ ಎಲೆಯನ್ನೇ ಮತ್ತೆ ಹಸುರು ಮಾಡಿಕೊಳ್ಳುತ್ತದೆ. ತನ್ನ ಮೈಯೊಳಗಿನ ನೀರನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಬಿಟ್ಟುಕೊಟ್ಟು ಸಾಯದೆ ಉಳಿಯುವ ಈ ಶಕ್ತಿ ಹೂಬಿಡುವ ಸಸ್ಯಗಳಲ್ಲಿ ಅತ್ಯಂತ ವಿರಳವಾದುದು. ನಮ್ಮ ಭತ್ತಕ್ಕೂ ಇಲ್ಲ, ರಾಗಿಗೂ ಇಲ್ಲ. ಅದೇ ಬಂಡೆಯ ಮೇಲೆ ಮಳೆಗಾಲದ ನೀರು ಒಸರುವ ಜಾಗಗಳಲ್ಲಿ ಸಾರವಿಲ್ಲದ ಮಣ್ಣಿನ ಕೊರತೆಯನ್ನು ನೀಗಿಸಿಕೊಳ್ಳಲು ಹುಳುಗಳನ್ನು ಹಿಡಿದು ಜೀರ್ಣಿಸಿಕೊಳ್ಳುವ ಡ್ರಾಸೆರಾ ಮತ್ತು ಯುಟ್ರಿಕ್ಯುಲೇರಿಯಾ ಎಂಬ ಪುಟ್ಟ ಗಿಡಗಳು ಮೂಡಿ, ಹೂಬಿಟ್ಟು, ಬೀಜ ಚೆಲ್ಲಿ, ಬಂಡೆ ಕಾಯುವುದಕ್ಕೆ ಮುಂಚೆ ಬಾಳನ್ನು ಮುಗಿಸುತ್ತವೆ. ಸತ್ತಂತಿದ್ದು ಎಚ್ಚರುವ ಹುಲ್ಲು, ನೀರಿರುವಾಗ ಮಾತ್ರ ಹುಟ್ಟಿ ಸಾಯುವ ಅಲ್ಪಾಯುಷಿ, ಬಿರುಕಿನಲ್ಲಿ ಬೇರಿಳಿಸಿ ಕಾಂಡದಲ್ಲಿ ನೀರು ಕೂಡಿಡುವ ಕಳ್ಳಿ, ಈ ಮೂರೂ ಒಂದೇ ಬರಕ್ಕೆ ಮೂರು ಜಾತಿಗಳು ಕಂಡುಕೊಂಡ ಪ್ರತ್ಯೇಕವಾದ ಉತ್ತರಗಳು. ಅಂತೆಯೇ ಮೂರಕ್ಕೂ ಒಂದೇ ಬಂಡೆಯ ಮೇಲೆ ಎಡೆಯುಂಟು.

ಬೆಟ್ಟದ ಇಳಿಜಾರಿಗೆ ಬಂದರೆ ಮರಗಳ ಪ್ರಪಂಚ. ಎಲೆಯಲ್ಲಿರುವ ಸೂಕ್ಷ್ಮವಾದ ಪತ್ರರಂಧ್ರಗಳನ್ನು ತೆರೆಯದೆ ಮರಕ್ಕೆ ಆಹಾರವಿಲ್ಲ, ತೆರೆದರೆ ನೀರು ಆವಿಯಾಗದೆ ಬಿಡುವುದಿಲ್ಲ. ಬೇರಿನಿಂದ ನೆತ್ತಿಯವರೆಗೆ ಎಳೆದು ನಿಲ್ಲಿಸಿದ ನೀರಿನ ಎಳೆ ಅತಿಯಾದ ಸೆಳೆತದಲ್ಲಿ ಒಮ್ಮೆ ಕಡಿದು ಗಾಳಿಯ ಗುಳ್ಳೆ ಸೇರಿತೆಂದರೆ ಆ ನಾಳ ನಿರುಪಯುಕ್ತವಾಗುತ್ತದೆ, ಇಂಥ ನಾಳಗಳು ಹೆಚ್ಚಿದಂತೆ ಕೊಂಬೆ ಸಾಯುತ್ತದೆ, ಕೊನೆಗೆ ಮರವೇ ಸಾಯುತ್ತದೆ. ಇದನ್ನು ತಪ್ಪಿಸಿಕೊಳ್ಳುವ ಉಪಾಯಗಳಲ್ಲಿ ಎಲೆಯನ್ನೇ ಉದುರಿಸಿಬಿಡುವುದು ಎಲ್ಲಕ್ಕಿಂತ ಸಾಮಾನ್ಯವಾದುದು. ದಿಂಡಿಗ, ಹೊನ್ನೆ, ಮತ್ತಿ, ಮುತ್ತುಗ, ಕಕ್ಕೆಗಳೆಲ್ಲ ಮಾಘ ಫಾಲ್ಗುಣಗಳಲ್ಲಿ ಬರಿಮೈಯಾಗಿ ನಿಲ್ಲುತ್ತವೆ, ಮುತ್ತುಗವಂತೂ ಆ ಬರಿಮೈಯ ಮೇಲೆಯೇ ಹೂವು ತಳೆಯುತ್ತದೆ. ತುಗ್ಗಲಿ, ಕಗ್ಗಲಿ, ಬಿಳಿಜಾಲಿಗಳು ಎಲೆಯನ್ನು ಸಣ್ಣ ಸಣ್ಣ ದಳಗಳಾಗಿ ಸೀಳಿಕೊಂಡಿವೆ. ಕಾವೇರಿಯ ಕಡೆಗೆ ಇಳಿಯುವ ಕಲ್ಲುಗುಡ್ಡಗಳಲ್ಲಿ ಗುಂಪುಗುಂಪಾಗಿ ಕಾಣುವ ಕಮರವಾದರೋ ಭಾರತದ ಅತ್ಯಂತ ಭಾರವಾದ ಮರಗಳಲ್ಲಿ ಒಂದು. ಅದರ ಸಸಿ ಮೇಲಕ್ಕೆ ಬೆಳೆಯುವ ಮೊದಲೇ ತಾಯಿಬೇರನ್ನು ಆಳಕ್ಕೆ ಇಳಿಸಿ, ಇತರ ಮರಗಳ ಬೇರು ತಲುಪದ ತೇವವನ್ನು ಹುಡುಕಿಕೊಳ್ಳುತ್ತದೆ. ಶ್ರೀಗಂಧದ ದಾರಿ ಇನ್ನೂ ಬೇರೆ. ತನ್ನ ಬೇರುಗಳನ್ನು ನೆರೆಯ ತಂಗಡಿ, ಹೊಂಗೆ, ಜಾಲಿಗಳ ಬೇರುಗಳಿಗೆ ಹೊಂದಿಸಿ ಅವು ದುಡಿದು ತಂದ ನೀರಿನಲ್ಲಿ ಪಾಲು ಪಡೆಯುವ ಈ ಮರ, ನೆರೆಯಲ್ಲಿ ನಾನಾ ಜಾತಿಯ ಗಿಡಗಳಿದ್ದಾಗಲೇ ಸುಖವಾಗಿ ಬೆಳೆಯುತ್ತದೆ. 1792ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿ ಅದರ ಹಕ್ಕನ್ನು ಸರ್ಕಾರಕ್ಕೆ ಸೇರಿಸಿಕೊಂಡಾಗ ಅವನಿಗೆ ಬೇಕಾಗಿದ್ದುದು ಅದರ ಹಣ. ಆದರೂ ಗಂಧ ಬೆಳೆಯಬೇಕಾದರೆ ಕುರುಚಲು ಕಾಡೂ ಇರಬೇಕೆಂಬ ಪ್ರಕೃತಿಯ ಷರತ್ತು ಆ ಆಜ್ಞೆಯ ಹಿಂದೆ ಅಡಗಿಯೇ ಇದ್ದಿತು.

ಬರದ ವರ್ಷದಲ್ಲಿ ಇಂಥ ಕಾಡಿಗೆ ಏನಾಗುತ್ತದೆಂಬುದನ್ನು ಮುದುಮಲೆಯ ದೀರ್ಘಕಾಲದ ಪರೀಕ್ಷೆ ಚೆನ್ನಾಗಿ ತಿಳಿಸಿಕೊಟ್ಟಿದೆ. ಮಳೆ ಕೊರೆಯಾದ ವರ್ಷದಲ್ಲಿಯೇ ಮರಗಳು ಸಾಯುವುದಿಲ್ಲ. ಕೂಡಿಟ್ಟ ಶಕ್ತಿ ಮುಗಿದು, ಎರಡು ಮೂರು ವರ್ಷಗಳ ತರುವಾಯ, ಮಳೆ ಮತ್ತೆ ಸರಿಯಾದ ಹೊತ್ತಿನಲ್ಲಿ ಬೀಳತೊಡಗಿದಾಗಲೂ ಸಾಯುತ್ತವೆ. ಎಲ್ಲ ಜಾತಿಗಳೂ ಒಂದೇ ಪ್ರಮಾಣದಲ್ಲಿ ಸಾಯುವುದೂ ಇಲ್ಲ. ಒಂದು ಬರ ಒಂದು ಜಾತಿಯನ್ನು ಹಿಂದಕ್ಕೆ ತಳ್ಳಿ ಇನ್ನೊಂದಕ್ಕೆ ಎಡೆಮಾಡಿಕೊಟ್ಟರೆ, ಮುಂದಿನ ನಾಲ್ಕು ಒಳ್ಳೆಯ ವರ್ಷಗಳು ಹಿಂದೆ ಸರಿದದ್ದನ್ನು ಮುಂದಕ್ಕೆ ತರುತ್ತವೆ. ಎಲ್ಲ ವರ್ಷಗಳೂ ಒಂದೇ ತೆರನಾಗಿದ್ದರೆ ಅತ್ಯಂತ ಸಮರ್ಥವಾದ ಒಂದೆರಡು ಜಾತಿಗಳು ಉಳಿದವನ್ನು ನುಂಗಿಬಿಡುತ್ತಿದ್ದವು; ವರ್ಷಗಳು ಒಂದರಂತೆ ಒಂದಿಲ್ಲದಿರುವುದರಿಂದ ಯಾವುದೊಂದಕ್ಕೂ ಪೂರ್ಣ ವಿಜಯ ದೊರೆಯುವುದಿಲ್ಲ.

ಈ ಒಣಕಾಡನ್ನು ಕಳೆದು ಸಂಗಮಕ್ಕೋ ಮುತ್ತತ್ತಿಗೋ ಇಳಿದವರಿಗೆ ಕಾಣುವ ಕಾಡು ಬೇರೊಂದು ದೇಶದಂತೆ ತೋರುತ್ತದೆ. ಹೊಳೆಯ ಅಂಚಿನ ಕಿರಿದಾದ ಪಟ್ಟಿಯಲ್ಲಿ, ಬಿಳಿಯ ಕಾಂಡದ ಭಾರಿ ಹೊಳೆಮತ್ತಿಗಳು, ಹುಣಸೆ, ನೇರಳೆ, ಹೊಂಗೆ, ಅತ್ತಿಗಳು ವೈಶಾಖದ ಉರಿಯಲ್ಲಿಯೂ ಎಲೆ ಉದುರಿಸದೆ ನಿಂತು, ಕೆಂದಳಿಲಿಗಿಂತ ಕಿರಿದಾದ ಬೂದು ಬಣ್ಣದ ಅಪೂರ್ವವಾದ ದೊಡ್ಡಳಿಲಿಗೆ ಕೊಂಬೆಯಿಂದ ಕೊಂಬೆಗೆ ದಾರಿಯಾಗಿವೆ. ಇಲ್ಲಿಂದ ಮೇಲಕ್ಕೆ ನೂರು ಗಜ ಹತ್ತಿದರೆ ಮತ್ತೆ ತುಗ್ಗಲಿ, ಕಳ್ಳಿ, ಕಾರೆಮುಳ್ಳು. ಮುಗಿಲಿನಿಂದ ಬೀಳುವ ಮಳೆ ಎರಡಕ್ಕೂ ಒಂದೇ. ಕೊಡಗಿನಲ್ಲಿ ಸುರಿದ ಮಳೆಯನ್ನು ಕಾವೇರಿ ಹೊತ್ತು ತಂದು ಕೆಳಗಣ ಮರಗಳ ಬೇರಿಗೆ ಉಣಿಸುತ್ತಾಳೆ. ಹೊಳೆಯಂಚಿನ ಮರಗಳಿಗೆ ನೀರಿನಷ್ಟೇ ನೆರೆಯೂ ಬೇಕು: 1924ರಂಥ ಮಹಾಪ್ರವಾಹಗಳು ಹಳೆಯ ಮರಗಳನ್ನು ಕಿತ್ತು, ಹೊಸ ಮೆಕ್ಕಲನ್ನು ಹರಡಿ, ಬೀಜಗಳಿಗೆ ನೆಲೆಯನ್ನು ಒದಗಿಸುತ್ತಿದ್ದವು. ಮೇಲಣ ಕನ್ನಂಬಾಡಿಯಲ್ಲಿ ಅಣೆಕಟ್ಟು ಎದ್ದ ತರುವಾಯ ಹೊಳೆಯ ಏರಿಳಿತ ಮನುಷ್ಯನ ಕೈಗೆ ಬಂದಿತು. 1987ರಲ್ಲಿ ಈ ಕಾಡು ಕಾವೇರಿ ವನ್ಯಜೀವಿಧಾಮವಾಗಿ, ಮುಂದೆ ಅದರ ವಿಸ್ತಾರ 1,000 ಚದರ ಕಿಲೋಮೀಟರುಗಳನ್ನು ಮೀರಿತಾದರೂ, ಮೇಕೆದಾಟುವಿನಲ್ಲಿ ಯೋಜಿಸಿರುವ ಜಲಾಶಯ ಕಟ್ಟಲ್ಪಟ್ಟರೆ ಮೊದಲು ಮುಳುಗತಕ್ಕದ್ದು ಕಿರಿದಾದ ಈ ಹಸುರಿನ ಪಟ್ಟಿಯೇ. ಆ ಜಲಾಶಯಕ್ಕೆ ಕಾರಣವಾಗಿ ಹೇಳುವ ಕುಡಿಯುವ ನೀರಿನ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಗುಡ್ಡದ ಕಾಡಿಗೆ ಬೇರೊಂದು ಗುಡ್ಡ ಸಿಕ್ಕೀತು, ಹೊಳೆಯಂಚಿನ ಕಾಡಿಗೆ ಬೇರೊಂದು ಹೊಳೆ ಸಿಕ್ಕದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಇನ್ನು ಊರಿನ ಹೊಲಗಳ ಮಾತು. ಧಾತು ಮತ್ತು ಈಶ್ವರ ಸಂವತ್ಸರಗಳ ಬರವೆಂದು ಜನ ಕರೆದ, 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ಅನುಭವಿಸಿದ ನಷ್ಟವನ್ನು ಜನಗಣತಿಯ ಎರಡು ಸಂಖ್ಯೆಗಳೇ ಹೇಳುತ್ತವೆ: 1871ರಲ್ಲಿ 50,55,412 ಇದ್ದ ಪ್ರಜೆಗಳು 1881ರಲ್ಲಿ 41,86,188 ಆಗಿದ್ದರು. ಮಳೆಯನ್ನೇ ನಂಬಿದ ಮೂಡಣ ಸೀಮೆಗಳಲ್ಲಿ ಸಾವು ಅತಿಯಾಯಿತು. ರಾಗಿ ಕೈಬಿಟ್ಟ ಅಂಥ ದಿನಗಳಲ್ಲಿ ಜನರನ್ನು ಒಂದಷ್ಟು ಕಾಲವಾದರೂ ಉಳಿಸಿದ್ದು, ಯಾರೂ ಬಿತ್ತದ ಯಾರೂ ಕಂದಾಯ ಕಟ್ಟದ ಸಸ್ಯಗಳು: ಹುಣಸೆಯ ಬೀಜ, ಬಿದಿರಕ್ಕಿ, ಕಾಡಿನ ಗೆಡ್ಡೆಗಳು, ಬೇಲಿಯ ಕತ್ತಾಳೆಯ ಬುಡ, ಹನಿ ಬಿದ್ದರೆ ಸಾಕು ಬದುವಿನ ಮೇಲೆ ಎದ್ದುಬರುವ ಸೊಪ್ಪುಗಳು. ಅಣ್ಣೆಸೊಪ್ಪು, ಕನ್ನೆಸೊಪ್ಪು, ಗೋಣಿಸೊಪ್ಪು, ಗಣಿಕೆ, ಹೊನಗನ್ನೆ, ಮುಳ್ಳುಕೀರೆ, ತಡಗುಣಿಯ ಕುಡಿ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಮಡಿಲಿಗೆ ತುಂಬಿಕೊಂಡು ಬಂದು ಮಾಡುವ ಬೆರಕೆಸೊಪ್ಪಿನ ಸಾರು ಇಂದಿಗೂ ಈ ಸೀಮೆಯ ಮುದ್ದೆಯ ಸಂಗಾತಿಯಾಗಿದೆ. ಆ ಒಂದು ಸಾರಿನಲ್ಲಿ ಎಷ್ಟು ಜಾತಿಯ ಸೊಪ್ಪಿರಬೇಕೆಂಬುದಕ್ಕೆ ಕಟ್ಟಳೆಯಿಲ್ಲ; ಮಳೆ ಹೇಗಿತ್ತೋ ಅದಕ್ಕೆ ತಕ್ಕಂತೆ ಬೆರಕೆ. ಈ ಗಿಡಗಳ ಬೀಜಗಳು ಒಂದೇ ಮಳೆಗೆ ಎಲ್ಲವೂ ಮೊಳೆಯುವುದಿಲ್ಲ. ಒಂದು ಪಾಲು ಮೊಳೆತರೆ ಉಳಿದ ಪಾಲು ಮಣ್ಣಿನಲ್ಲಿಯೇ ಮಲಗಿ ಮುಂದಿನ ವರ್ಷಕ್ಕೋ ಅದರಾಚೆಯ ವರ್ಷಕ್ಕೋ ಕಾಯುತ್ತದೆ. ಕಣಜದಲ್ಲಿ ಬಿತ್ತನೆಯ ರಾಗಿಯನ್ನು ಎತ್ತಿಟ್ಟು ಉಳಿದುದನ್ನು ಉಣ್ಣುವ ರೈತನ ವಿವೇಕವೇ ಈ ಕಳೆಗಿಡಗಳಲ್ಲಿಯೂ ಇದೆ.

ಅಂಥ ವಿವೇಕ ರೈತನ ಹೊಲದಲ್ಲಿ ಅಕ್ಕಡಿ ಸಾಲಾಗಿ ಮೂಡಿತು. ರಾಗಿಯ ಹೊಲದಲ್ಲಿ ನಿಯಮಿತವಾದ ಅಂತರದಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಹರಳು, ಸಾಸಿವೆಗಳನ್ನು ಸಾಲುಹಾಕುವ ಈ ಪದ್ಧತಿಯಲ್ಲಿ ಒಂದೊಂದು ಬೆಳೆಯ ಬೇರೂ ಒಂದೊಂದು ಆಳದಲ್ಲಿ, ಒಂದೊಂದರ ಹೂವೂ ಒಂದೊಂದು ಮಳೆಗೆ. ಪುಬ್ಬೆಯಲ್ಲಿ ಮಳೆ ಕೈಕೊಟ್ಟು ರಾಗಿ ಸೊರಗಿದರೂ ಹಸ್ತ ಚಿತ್ತೆಗಳು ಬಂದರೆ ಅವರೆ ತೊಗರಿಗಳಿಗೆ ಬಾಳುಂಟು. ಹಿಂಗಾರು ಪೂರಾ ಹೋದರೂ ಹರಳೆಣ್ಣೆಯ ದೀಪಕ್ಕೆ ಕೊರತೆಯಿಲ್ಲ. ಕಾಡು ತಾನಾಗಿ ಕಂಡುಕೊಂಡ ವೈವಿಧ್ಯದ ನೀತಿಯನ್ನು ರೈತ ತನ್ನ ಎಕರೆಯಲ್ಲಿ ಕೈಯಾರೆ ಬಿತ್ತಿದನು. ಇದು ಅಜ್ಞಾನದ ಬೇಸಾಯವೆಂದು ಬಗೆದು ಒಂದೇ ಬೆಳೆಯ ಹೊಲವನ್ನು ಆದರ್ಶವೆಂದು ಬೋಧಿಸಿದ ಕಾಲ ಒಂದಿತ್ತು; ಅದರಿಂದಾದ ಹಾನಿ ಸಣ್ಣದಲ್ಲ.

ಕೆರೆಗಳನ್ನು ಕಟ್ಟಿದವರೂ ನೀರಿನ ಅಸಮತೆಯನ್ನು ಹೆಚ್ಚಿಸಿದರಲ್ಲದೆ ಕಡಮೆಮಾಡಲಿಲ್ಲವೆಂಬುದು ಗಮನಿಸತಕ್ಕ ವಿಷಯ. ಕೆರೆ ಕಟ್ಟಿಸಿದವನಿಗೂ ಕಾಪಾಡಿದವನಿಗೂ ಕಟ್ಟುಕೊಡಗೆಯೆಂದು ಭೂಮಿಯನ್ನು ಬಿಡುವ ಪದ್ಧತಿ ಹಿಂದಿನ ಶಾಸನಗಳಲ್ಲಿ ಹೇರಳವಾಗಿ ಕಂಡುಬರುತ್ತದೆ. 1860ರ ದಶಕದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ, ಹೊಸದೊಂದು ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂಬಷ್ಟು ಸಂಪೂರ್ಣವಾಗಿ ಈ ನಾಡಿನಲ್ಲಿ ಕೆರೆಗಳು ಹಬ್ಬಿರುವುದನ್ನು ಕಂಡು ಬೆರಗಾಗಿದ್ದನು. ಒಂದು ಕೆರೆಯ ಸುತ್ತ ಎಷ್ಟು ಬಗೆಯ ನೆಲ! ಹಿನ್ನೀರಿನ ಅಂಚಿನಲ್ಲಿ ತಿಂಗಳಿಗೊಮ್ಮೆ ಸರಿಯುವ ಜವುಗು, ಅದರಲ್ಲಿ ಆಪು, ಜೊಂಡು, ಹೊನಗನ್ನೆ, ಏರಿಯ ಮೇಲೆ ಹೊಂಗೆ, ಲಕ್ಕಿ, ಈಚಲು, ತೂಬಿನ ಕೆಳಗೆ ಕಾಲುವೆಯ ಬದಿಯಲ್ಲಿ ಕೆಸವು, ಒಂದೆಲಗ, ಅಚ್ಚುಕಟ್ಟಿನಲ್ಲಿ ಭತ್ತ, ಕೋಡಿಯ ಆಚೆ ಗುಂಡುತೋಪು. ಬೇಸಗೆಯಲ್ಲಿ ಕೆರೆಯಂಗಳ ಒಣಗಿ ಬಿರಿದಾಗ ಅಲ್ಲಿಯೂ ಆ ಕಾಲಕ್ಕೇ ಮೀಸಲಾದ ಗಿಡಗಳು ಹುಟ್ಟಿ, ಮುಂದಿನ ಮಳೆಗೆ ಮುಳುಗಿಹೋಗುತ್ತಿದ್ದವು. ನೀರುಗಂಟಿ ಸರದಿಯ ಪ್ರಕಾರ ತೂಬೆತ್ತಿ ಬಿಡುತ್ತಿದ್ದ ನೀರು ಭತ್ತಕ್ಕೆಂದು ಹೊರಟರೂ, ದಾರಿಯುದ್ದಕ್ಕೂ ನೂರು ಜಾತಿಯ ಗಿಡಗಳಿಗೆ ಸುಂಕ ತೆತ್ತುಕೊಂಡೇ ಹೋಗಬೇಕಾಗಿತ್ತು.

ಕೇಡು ಮೊದಲಾದುದು ಬೆಟ್ಟದ ಇಳಿಜಾರಿನಿಂದ. ಮಹಾಕ್ಷಾಮದ ಪರಿಹಾರ ಕಾಮಗಾರಿಯಾಗಿಯೇ ಬೆಂಗಳೂರು ಮೈಸೂರುಗಳ ನಡುವಣ ರೈಲುದಾರಿಯ ಕೆಲಸ ನಡೆದು, 1880ರ ದಶಕದ ಆರಂಭದಲ್ಲಿ ಕ್ಲೋಸ್‌ಪೇಟೆ ಚನ್ನಪಟ್ಟಣಗಳ ಮೂಲಕ ಮೈಸೂರನ್ನು ಮುಟ್ಟಿತು. ಬರದಲ್ಲಿ ಕೂಲಿಯಿಲ್ಲದವರಿಗೆ ಅನ್ನ ಕೊಟ್ಟ ಆ ದಾರಿ ಮುಂದೆ ಸೌದೆ ಇದ್ದಿಲುಗಳ ದಾರಿಯೂ ಆಯಿತು. 800 ಮಿಲಿಮೀಟರು ಮಳೆ ಬೀಳುವ ಸೀಮೆ ಎಲೆಯುದುರುವ ಎತ್ತರದ ಕಾಡನ್ನು ಧಾರಾಳವಾಗಿ ಹೊರಬಲ್ಲುದು. ಆದುದರಿಂದ ಇಂದು ಸಾತನೂರಿನ ಸುತ್ತ ಕಾಣುವ ಮುಳ್ಳುಕುರುಚಲಿನ ಬಹುಭಾಗವನ್ನು ಮಳೆಯ ಕೊರತೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಕೊಡಲಿ, ಮೇಕೆ, ಬೆಂಕಿ, ಈ ಮೂರು ಸೇರಿ ಮಣ್ಣನ್ನು ತೆಳುವಾಗಿಸಿದ ಮೇಲೆ, ಬಿದ್ದ ಮಳೆ ನಿಲ್ಲದೆ ಹರಿದುಹೋಗಿ, ಮುಗಿಲಿನಲ್ಲಿ ಇಲ್ಲದ ಬರ ನೆಲದಲ್ಲಿ ಉಂಟಾಯಿತು. ಅಂಥ ಬರಿದಾದ ನೆಲಕ್ಕೆ ಪರದೇಶದ ಗಿಡಗಳು ನುಗ್ಗಿದವು. ಪಾಪಾಸುಕಳ್ಳಿ ದಕ್ಷಿಣ ಭಾರತದಲ್ಲಿ ಅತಿಯಾಗಿ ಹಬ್ಬಿದಾಗ 1926ರಲ್ಲಿ ಸಿಂಹಳದಿಂದ ತಂದ ಒಂದು ಬಗೆಯ ಕಾಚಿನೀಲ್ ಹುಳು ಅದನ್ನು ಕೆಲವೇ ವರ್ಷಗಳಲ್ಲಿ ಅಡಗಿಸಿತು. ಆದರೆ 19ನೆಯ ಶತಮಾನದ ಆದಿಯಲ್ಲಿ ಉದ್ಯಾನದ ಅಲಂಕಾರಕ್ಕೆಂದು ಬಂದ ಲಂಟಾನಕ್ಕೆ ಅಂಥ ಶತ್ರು ಇದುವರೆಗೂ ದೊರೆತಿಲ್ಲ. ಬರವನ್ನು ತಾಳುವ ಶಕ್ತಿಯಲ್ಲಿ ನಮ್ಮ ಗಿಡಗಳಿಗೆ ಸಮನಾಗಿ, ದನ ಮೇಯದ ಕಾರಣ ಅವುಗಳಿಗಿಂತ ಮಿಗಿಲಾಗಿ ನಿಂತ ಲಂಟಾನದ ಪೊದೆಯ ಕೆಳಗೆ ದಿಂಡಿಗದ ಸಸಿಯಾಗಲಿ ಗಂಧದ ಸಸಿಯಾಗಲಿ ಮೇಲೇಳುವುದು ದುರ್ಲಭ.

ಆದರೂ ಇವೆಲ್ಲಕ್ಕಿಂತ ದೊಡ್ಡ ಮಾರ್ಪಾಡು ಕೊಳವೆಬಾವಿಯದು. ಗಟ್ಟಿ ಶಿಲೆಯ ಬಿರುಕುಗಳಲ್ಲಿ ಬಹುಕಾಲದಿಂದ ಕೂಡಿದ್ದ ನೀರನ್ನು ನೂರಾರು ಅಡಿ ಆಳದಿಂದ ಎತ್ತಿ, ವರ್ಷದ ಹನ್ನೆರಡು ತಿಂಗಳೂ ಒಂದೇ ಸಮನಾಗಿ ಹಿಪ್ಪುನೇರಳೆ ತೋಟಕ್ಕೆ ಉಣಿಸುವುದು ಸಾಧ್ಯವಾದೊಡನೆ, ಆ ನೆಲದಲ್ಲಿ ಮುಂಗಾರಿಗೂ ಹಿಂಗಾರಿಗೂ ಬೇಸಗೆಗೂ ಇದ್ದ ಭೇದವೇ ಅಳಿಯಿತು. ಅಕ್ಕಡಿ ಸಾಲಿನ ಏಳೆಂಟು ಬೆಳೆಗಳಿದ್ದ ಜಾಗದಲ್ಲಿ ಒಂದೇ ಗಿಡ, ಬದುವಿನ ಸೊಪ್ಪಿದ್ದ ಜಾಗದಲ್ಲಿ ಔಷಧ ಹೊಡೆದ ಬರಿಮಣ್ಣು. ರೇಷ್ಮೆ ಈ ಸೀಮೆಯ ಬಡವರಿಗೆ ವರ್ಷದಲ್ಲಿ ಹಲವು ಸಲ ಕೈಗೆ ಕಾಸು ತಂದ ಕಸುಬು. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನೆಲದಡಿಯ ನೀರು ಇಳಿದಂತೆ ಕೆರೆಯ ತೇವವೂ ತೆರೆದ ಬಾವಿಯ ಒರತೆಯೂ ಇಳಿದುವೆಂಬುದನ್ನು ಮಾತ್ರ ಮರೆಯುವಂತಿಲ್ಲ. ಅರ್ಕಾವತಿಯ ಮೇಲ್ಭಾಗ ಬತ್ತಿದುದಕ್ಕೆ ಮಳೆಯ ಇಳಿಕೆ ಕಾರಣವಲ್ಲ, ಅಂತರ್ಜಲದ ಅತಿಯಾದ ಬಳಕೆ ಮತ್ತು ನೀಲಗಿರಿ ತೋಪುಗಳು ಮುಖ್ಯ ಕಾರಣವಾಗಿರಬೇಕೆಂದು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 2015ರಲ್ಲಿ ತೋರಿಸಿದ್ದಾರೆ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ಇತ್ತ ವೃಷಭಾವತಿಯ ಮೂಲಕ ಬೆಂಗಳೂರಿನ ಕೊಳಚೆ ಅರ್ಕಾವತಿಗೆ ಸೇರಿ, ಕನಕಪುರವನ್ನು ದಾಟಿ ಹಾರೋಬೆಲೆಯ ಜಲಾಶಯದವರೆಗೂ ಬರುತ್ತಿರುವುದರಿಂದ, ಬೇಸಗೆಯಲ್ಲಿ ಮರಳಾಗುತ್ತಿದ್ದ ಹೊಳೆ ಈಗ ವರ್ಷವಿಡೀ ಹರಿಯುತ್ತದೆ. ಮೇಲುನೋಟಕ್ಕೆ ಇದು ನೀರಿನ ಲಾಭ. ಆದರೆ ಮರಳಿನ ಮೇಲೆ ಬೇಸಗೆಯಲ್ಲಷ್ಟೇ ಹುಟ್ಟುತ್ತಿದ್ದ ಗಿಡಗಳಿಗೂ, ತಿಳಿನೀರನ್ನು ಬೇಡುವ ಜಲಸಸ್ಯಗಳಿಗೂ ಎಡೆಯಿಲ್ಲದಂತಾಗಿ, ಕೊಳಕನ್ನು ತಿಂದು ಕೊಬ್ಬುವ ಒಂದೆರಡು ಜಲಕಳೆಗಳೇ ದಂಡೆಯಿಂದ ದಂಡೆಗೆ ಹಾಸಿಕೊಂಡಿವೆ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿಸಲ್ಪಟ್ಟವು. ಅಂಥ ವರ್ಷಗಳಲ್ಲಿ ಬೆಳೆಯ ನಷ್ಟ, ಮೇವಿನ ಕೊರತೆ, ಕುಡಿಯುವ ನೀರಿನ ಟ್ಯಾಂಕರುಗಳ ಲೆಕ್ಕ ಇವೆಲ್ಲ ಕಡತಗಳಿಗೆ ಸೇರುತ್ತವೆ. ಯಾವ ಮರ ಒಣಗಿತು, ಯಾವುದು ಚಿಗುರಿತು, ಯಾವ ಸೊಪ್ಪು ಬದುವಿನ ಮೇಲೆ ಮೂಡಲಿಲ್ಲ ಎಂಬುದು ಸೇರುವುದಿಲ್ಲ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ತನ್ನ ಎಲ್ಲೆಯೊಳಗಿನ ಸಸ್ಯಪ್ರಾಣಿಗಳನ್ನು ಕುರಿತು ಜನತಾ ಜೀವವೈವಿಧ್ಯ ದಾಖಲೆಯನ್ನು ಇಡತಕ್ಕದ್ದಾಗಿದೆ. ಈ ದಾಖಲೆ ಒಮ್ಮೆ ಬರೆದು ಬೀರುವಿನಲ್ಲಿಡುವ ಪಟ್ಟಿಯಾಗದೆ, ಒಳ್ಳೆಯ ಮಳೆಯ ವರ್ಷದಲ್ಲಿ ಒಂದು ಸಲ, ಬರದ ವರ್ಷದಲ್ಲಿ ಒಂದು ಸಲ, ಬರ ಕಳೆದ ಮೂರನೆಯ ವರ್ಷದಲ್ಲಿ ಮತ್ತೊಂದು ಸಲ ಬರೆಯಲ್ಪಡಬೇಕು. ಸೊಪ್ಪು ಆಯುವ ಹೆಂಗಸರನ್ನೂ, ಕುರಿ ಕಾಯುವವರನ್ನೂ, ಇನ್ನೂ ಅಲ್ಲಲ್ಲಿ ಉಳಿದಿರುವ ನೀರುಗಂಟಿಗಳನ್ನೂ ಕೂಡಿಸಿಕೊಂಡು ಬರೆಯಲ್ಪಡಬೇಕು. ಕಬ್ಬಾಳು ಬೆಟ್ಟದ ದೊಣೆಗಳು, ಊರೂರಿನ ಗುಂಡುತೋಪುಗಳು, ಸಂಗಮದ ದಂಡೆ ಇವು ಒಂದೊಂದಕ್ಕೂ ಅದರಲ್ಲಿ ಬೇರೆ ಬೇರೆ ಪುಟಗಳಿರಬೇಕು. ಸಾತನೂರು ಹೋಬಳಿಯ ಪಂಚಾಯಿತಿಗಳು ಮನಸ್ಸು ಮಾಡಿದರೆ ಬರುವ ಉತ್ತರೆ ಮಳೆಗೇ ಈ ಕೆಲಸವನ್ನು ಮೊದಲುಮಾಡಬಹುದು.